ರಸ್ತೆಗೆ ಅಡ್ಡ ಕಟ್ಟಿದ ಮುಂಡಾಸು

ಹಲ್ಲಿನ ವಿಷಯದಲ್ಲಿ ನಾನು ನಿಷ್ಠಾವಂತ ಮನುಷ್ಯ. ಮನೆಯನ್ನು ಬರ್ ದುಬೈಗೆ ಬದಲಿಸಿ ವರ್ಷ ಕಳೆದರೂ ಬಾಯಿ ತೆರೆಯುವುದು ಮಾತ್ರ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಹಳೆಯ ಡಾಕ್ಟರರ ಎದುರಿಗೇ. ಅವರ ಕ್ಲಿನಿಕ್ಕು ನಾವು ಬಹುಕಾಲ ಬಾಡಿಗೆಗಿದ್ದ ಕಟ್ಟಡದಲ್ಲೇ ಇದೆ. ಮೊನ್ನೆ ಒಂದು ದವಡೆಹಲ್ಲಿಗೆ ಸಕಲ ಮರ್ಯಾದೆಗಳೊಂದಿಗೆ ವಿದಾಯ ಹೇಳಿ, ಅರ್ಧ ಮುಖ ಮರಗಟ್ಟಿದ ಸ್ಥಿತಿಯಲ್ಲಿ ಲಿಫ್ಟ್ ಹತ್ತಿದವನು, ಕೆಳಗಿಳಿಯುವ ಬದಲು ಅಭ್ಯಾಸಬಲದಿಂದ ಏಳನೆಯ ಮಹಡಿಯ ಗುಂಡಿ ಒತ್ತಿದೆ. ಬಾಗಿಲು ತೆರೆಯಿತು. ನಮ್ಮ ಹಳೆಯ ಕಾರಿಡಾರಿನ ತುಂಬ ಆ ವಾಸನೆ ನಿಂತಿತ್ತು.

ಸುಡಾನಿಗಳ ಮನೆಯಲ್ಲಿ ರಂಜಾನ್ ಹತ್ತಿರವಾಗಿದೆ ಎಂದು ತಿಳಿಯಲು ಚಂದ್ರನನ್ನು ನೋಡಬೇಕಾಗಿಲ್ಲ, ಮೂಗು ಸಾಕು. ಮೊಳಕೆ ಬರಿಸಿದ ಜೋಳದ ಹಿಟ್ಟನ್ನು ಹುಳಿಬರಿಸಿ, ಶುಂಠಿ, ದಾಲ್ಚಿನ್ನಿ, ಇನ್ನೇನೇನೋ ಬೆರೆಸಿ, ಕಾವಲಿಯ ಮೇಲೆ ಕಾಗದದಷ್ಟು ತೆಳ್ಳಗೆ ಎರೆದು ಕೆಂಪಗೆ ಕಾಯಿಸುತ್ತಾರೆ. ಆ ಹಾಳೆಗಳನ್ನು ನೀರಿನಲ್ಲಿ ನೆನೆಸಿ ಸೋಸಿದರೆ ಉಪವಾಸ ಬಿಡುವ ಹೊತ್ತಿನ ಪಾನಕ. ಹೆಸರು ಹಿಲು-ಮುರ್, ಅಂದರೆ ಸಿಹಿ-ಕಹಿ. ನನ್ನ ಹೆಂಡತಿ ಜಯಂತಿ ಮೊದಲ ಸಲ ಮೂಸಿ ನೋಡಿ, "ಸೀದ ದೋಸೆಯನ್ನು ಕಷಾಯದಲ್ಲಿ ಅದ್ದಿದ ಹಾಗೆ ಉಂಟು" ಎಂದು ತೀರ್ಪು ಕೊಟ್ಟಿದ್ದಳು. ತೀರ್ಪು ಸರಿಯಾಗಿಯೇ ಇತ್ತು. ಆಮೇಲೆ ಪ್ರತಿವರ್ಷ ಎರಡನೆಯ ಲೋಟ ಕೇಳಿ ಕುಡಿದವಳೂ ಅವಳೇ.

ಲಿಫ್ಟಿನ ಬಾಗಿಲು ಎರಡು ಸಲ ಮುಚ್ಚಲು ನೋಡಿ, ನನ್ನ ಮೊಣಕೈ ತಾಗಿ ಹಿಂದೆ ಸರಿಯಿತು. ನಮ್ಮ ಬಾಗಿಲ ಎದುರಿನ ಬಾಗಿಲು ಇದ್ರಿಸನದ್ದಾಗಿತ್ತು. ಈಗ ಅದರ ಮುಂದೆ ಬೇರೆ ಯಾರದೋ ಮಕ್ಕಳ ಚಪ್ಪಲಿಗಳಿವೆ.

ಇದ್ರಿಸ್ ನಮ್ಮ ಕಂಪನಿಯ ಮಂದೂಬ್. ವೀಸಾ, ಲೇಬರ್ ಕಾರ್ಡು, ಲೈಸೆನ್ಸು ಎಂದು ಸರಕಾರಿ ಕಚೇರಿಗಳನ್ನು ಸುತ್ತುವ ಕೆಲಸ. ನಾನು ಅದೇ ಕಂಪನಿಯ ಸ್ಟೋರಿನಲ್ಲಿ ಏರ್ ಕಂಡೀಷನರಿನ ಬಿಡಿಭಾಗಗಳಿಗೆ ಅಧಿಪತಿ. ಇದ್ರಿಸನದು ಆರಡಿ ಮೀರಿದ ಎತ್ತರ, ಹಾಸಿಗೆ ಹಾಸುವಷ್ಟು ನಿಧಾನ ಮಾತು. ನನ್ನನ್ನು ಅವನು ಕರೆಯುತ್ತಿದ್ದುದು "ಉಸ್ತಾಝ್" ಎಂದು. ಮೇಷ್ಟ್ರೇ ಎಂಬ ಅರ್ಥ. ನಾನು ಯಾರಿಗೂ ಏನೂ ಕಲಿಸಿದವನಲ್ಲ, ಆದರೆ ಬಿಟ್ಟಿ ಬಂದ ಬಿರುದನ್ನು ತಿರಸ್ಕರಿಸುವ ದುರಭ್ಯಾಸ ನಮ್ಮ ಮನೆತನದಲ್ಲಿಲ್ಲ. ನಮ್ಮಿಬ್ಬರ ಭಾಷೆ ಅರ್ಧ ಹಿಂದಿ, ಕಾಲು ಇಂಗ್ಲಿಷು, ಕಾಲು ಅರಬ್ಬಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವನ ಮಾತಿಗೂ ನನ್ನದಕ್ಕೂ ಇಲ್ಲದ ವ್ಯಾಕರಣ ಬಂದು ಕೂತಿದೆ, ಓದುವವರು ಕ್ಷಮಿಸಬೇಕು.

ಮನೆಯೊಳಗೆ ಬಾಗಿಲು ಹಾಕಿಕೊಂಡು ಉಪವಾಸ ಬಿಡುವುದು ಸುಡಾನಿಗಳ ದೃಷ್ಟಿಯಲ್ಲಿ ಕದ್ದು ತಿಂದ ಹಾಗೆ. ಸಂಜೆಯಾದರೆ ಇದ್ರಿಸ್ ಮತ್ತು ಅವನ ಜೊತೆಯವರು ತಟ್ಟೆ ಹೊತ್ತು ಕೆಳಗಿಳಿದು ಕಟ್ಟಡದ ಹಿಂದೆ ಕಾರುಗಳ ಸಾಲಿನ ಪಕ್ಕ ಚಾಪೆ ಹಾಸುತ್ತಿದ್ದರು. ತರಕಾರಿ ಚೀಲ ಹಿಡಿದು ಬರುತ್ತಿದ್ದ ನನ್ನನ್ನು ಒಮ್ಮೆ ತೋಳು ಹಿಡಿದು ಕೂರಿಸಿದ. "ನಾನು ಉಪವಾಸ ಇಲ್ಲ ಮಾರಾಯ" ಎಂದೆ. "ಹಸಿವಿಲ್ಲದಿದ್ದರೆ ತಿನ್ನಬೇಡಿ ಉಸ್ತಾಝ್, ನಮ್ಮ ಹಸಿವು ನೋಡುತ್ತಾ ಕೂತಿರಿ" ಎಂದ. ಕೂತೆ, ತಿಂದೆ.

ಸುಡಾನಿನಲ್ಲಿ ಯುದ್ಧ ಶುರುವಾದದ್ದು ಅಂಥ ಒಂದು ರಂಜಾನಿನ ಕೊನೆಯ ದಿನಗಳಲ್ಲಿ. ಒಂದೇ ದೇಶದ ಎರಡು ಸೈನ್ಯಗಳು ರಾಜಧಾನಿಯ ಬೀದಿಗಳಲ್ಲಿ ಪರಸ್ಪರ ಗುಂಡು ಹಾರಿಸತೊಡಗಿದವು. ಇಂಥ ಸುದ್ದಿಯನ್ನು ನಾನು ಸಾಮಾನ್ಯವಾಗಿ ಚಹಾದ ಜೊತೆ ಓದಿ, "ಛೆ" ಎಂದು ಪುಟ ತಿರುಗಿಸುವವನು. ಆ ಸಲ ತಿರುಗಿಸಲಾಗಲಿಲ್ಲ. ಜಯಂತಿಯ ತಮ್ಮ ಸುಧಾಕರ ಖಾರ್ಟೂಮಿನಲ್ಲಿದ್ದ.

ಕಾಪುವಿನ ಹುಡುಗ ಖಾರ್ಟೂಮಿಗೆ ಹೇಗೆ ಹೋದ ಎಂದರೆ, ಎಲ್ಲರೂ ಹೋಗುವ ಹಾಗೆಯೇ. ದುಬೈ ವೀಸಾ ಮುಗಿದಿತ್ತು, ಒಬ್ಬ ಏಜೆಂಟ್ ಸಿಕ್ಕಿದ, ಅಲ್ಲೊಂದು ಬಿಸ್ಕತ್ತು ಕಾರ್ಖಾನೆಗೆ ಎಲೆಕ್ಟ್ರಿಷಿಯನ್ ಬೇಕಿತ್ತು. ಮೂವತ್ತೆರಡರ ಸುಧಾಕರನಿಗೆ ಊರಲ್ಲಿ ಹೆಂಡತಿ, ಇನ್ನೂ ಅಪ್ಪನ ಮುಖ ನೋಡದ ಒಂದು ಮಗು. ಯುದ್ಧದ ಮೂರನೆಯ ದಿನ ಅವನು ಕಾರ್ಖಾನೆಯ ಗೋದಾಮಿನಲ್ಲಿ ಬಿಸ್ಕತ್ತು ಪೆಟ್ಟಿಗೆಗಳ ಹಿಂದೆ ಅಡಗಿ ಕೂತು ಫೋನ್ ಮಾಡಿದ. "ಅಕ್ಕ, ನೀರು ಖಾಲಿ ಆಯ್ತು. ಬಿಸ್ಕತ್ತು ಬೇಕಾದಷ್ಟು ಉಂಟು, ಗಂಟಲಲ್ಲಿ ಇಳಿಯುದಿಲ್ಲ."

ಜಯಂತಿ ಫೋನನ್ನು ನನ್ನ ಕೈಗೆ ಕೊಟ್ಟು ನೆಲದ ಮೇಲೆ ಕೂತಳು. ನಾನು ಫೋನ್ ಹಿಡಿದುಕೊಂಡೇ ಎದುರಿನ ಬಾಗಿಲು ತಟ್ಟಿದೆ. ಇದ್ರಿಸ್ ಅದನ್ನು ಕಸಿದುಕೊಂಡು ಸುಧಾಕರನ ಜೊತೆ ಅರಬ್ಬಿಯಲ್ಲಿ ಬಹಳ ಹೊತ್ತು ಮಾತಾಡಿದ. ಒಟ್ಟು ತಾತ್ಪರ್ಯ: ದಕ್ಷಿಣದ ಹೆದ್ದಾರಿಯಲ್ಲಿ ಬಸ್ಸುಗಳು ಇನ್ನೂ ಓಡುತ್ತಿವೆ, ಹೇಗಾದರೂ ಒಂದನ್ನು ಹತ್ತಬೇಕು. ಆ ದಾರಿಯಲ್ಲಿ ನೈಲ್ ನದಿಯ ಕಾಲುವೆ ಪಕ್ಕದ ಹಳ್ಳಿಯೊಂದರಲ್ಲಿ ಇದ್ರಿಸನ ತಾಯಿ ಇದ್ದಾರೆ. ಊರಿಗೆಲ್ಲ ಅವರು ಹಾಜ್ಜಾ, ಅಂದರೆ ಹಜ್ ಯಾತ್ರೆ ಮುಗಿಸಿದ ಹಿರಿಯಮ್ಮ. ಅಲ್ಲಿ ಇಳಿದು ಹೆಸರು ಹೇಳಿದರೆ ಸಾಕು.

"ಅವರಿಗೆ ತೊಂದರೆ ಆಗುವುದಿಲ್ಲವೇ?" ಎಂದು ನಾನು ಶಿಷ್ಟಾಚಾರ ಪಾಲಿಸಿದೆ.

"ತೊಂದರೆಯೇ? ಅಮ್ಮನ ಮನೆಯಲ್ಲಿ ಈಗಾಗಲೇ ಇಪ್ಪತ್ತು ಜನ ಇದ್ದಾರೆ. ಯಾರು ಅಂತ ಕೇಳಿದರೆ ಅವರಿಗೂ ಗೊತ್ತಿಲ್ಲ."

ಎರಡು ದಿನ ಫೋನಿಲ್ಲ. ಮೂರನೆಯ ದಿನ ರಾತ್ರಿ ಎಂಟೂವರೆಯ ಸುಮಾರಿಗೆ ಬಂತು. ಸುಧಾಕರ ಪಿಸುಗುಟ್ಟುತ್ತಿದ್ದ. "ಭಾವ, ಬಸ್ಸಲ್ಲಿದ್ದೇನೆ. ಬೆಳಿಗ್ಗೆ ಬಂದೂಕಿನವರು ನಿಲ್ಲಿಸಿ ವಾಚು, ಬ್ಯಾಗು ತೆಕ್ಕೊಂಡ್ರು. ಫೋನು, ಉಂಗುರ ಶೂ ಒಳಗೆ ಇಟ್ಟಿದ್ದೆ. ಈಗ ಪುನಃ ನಿಲ್ಲಿಸಿದ್ದಾರೆ. ರಸ್ತೆಗೆ ಅಡ್ಡ ಬಿಳಿ ಬಟ್ಟೆ ಕಟ್ಟಿದ್ದಾರೆ. ಡ್ರೈವರನ್ನು ಎಳೆದು ಇಳಿಸಿದ್ರು. ದೊಣ್ಣೆ ಉಂಟು ಅವರತ್ರ. ಭಾವ, ಮಗುವಿಗೆ..." ಅಲ್ಲಿಗೆ ಕಡಿಯಿತು.

"ಎಂತಾಯ್ತು? ಎಂತ ಹೇಳಿದ? ಬಾಯಿ ಬಿಡಿ ಮಾರಾಯ್ರೆ!" ಎಂದು ಜಯಂತಿ ನನ್ನ ಅಂಗಿ ಹಿಡಿದಳು.

ನಾನು ಬಾಯಿ ಬಿಡುವ ಬದಲು ಎದುರಿನ ಬಾಗಿಲಿಗೆ ಹೋದೆ. ಇದ್ರಿಸ್ ಚಹಾ ಲೋಟ ಹಿಡಿದು ಟೀವಿಯ ಮುಂದೆ ಕೂತಿದ್ದ. ಯುದ್ಧ ಶುರುವಾದಂದಿನಿಂದ ಆ ಟೀವಿ ಆರಿದ್ದೇ ಇಲ್ಲ, ಅವನ ಮುಖ ಅರಳಿದ್ದೂ ಇಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ ಲೋಟ ಕೆಳಗಿಟ್ಟ.

"ಯಾವಾಗ ಬಂತು ಫೋನು?"

"ಈಗಷ್ಟೇ."

ಅವನು ಗೋಡೆಯ ಗಡಿಯಾರ ನೋಡಿದ. "ನಮ್ಮಲ್ಲಿ ಎರಡು ಗಂಟೆ ಹಿಂದೆ. ಅಂದರೆ ಸೂರ್ಯ ಮುಳುಗುವ ಹೊತ್ತು. ಬಟ್ಟೆ ಬಿಳಿಯದೇ?"

"ಹೌದು."

"ರಸ್ತೆಯ ಈ ಬದಿಯಿಂದ ಆ ಬದಿವರೆಗೆ?"

"ಹೌದು ಮಾರಾಯ!"

ಇದ್ರಿಸ್ ನಗತೊಡಗಿದ. ಮೊದಲು ಭುಜ, ಆಮೇಲೆ ಹೊಟ್ಟೆ, ಕೊನೆಗೆ ಇಡೀ ಆರಡಿ ನಕ್ಕಿತು. ನನ್ನ ಹಿಂದೆಯೇ ಬಂದ ಜಯಂತಿ, "ಇವರಿಗೆ ತಲೆ ಸರಿ ಉಂಟಾ?" ಎಂದು ಕನ್ನಡದಲ್ಲಿ ನನ್ನನ್ನು ಕೇಳಿದಳು.

"ಖಲಾಸ್ ಉಸ್ತಾಝ್, ಭಯ ಮುಗಿಯಿತು. ನಿಮ್ಮ ಹುಡುಗನನ್ನು ಊಟಕ್ಕೆ ಹಿಡಿದಿದ್ದಾರೆ."

ಹೆದ್ದಾರಿ ಪಕ್ಕದ ಹಳ್ಳಿಗಳಲ್ಲಿ ಅದು ಅಜ್ಜಂದಿರ ಕಾಲದ ಪದ್ಧತಿಯಂತೆ. ರಂಜಾನಿನಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಯಾವ ಬಸ್ಸೂ ಹಸಿದ ಹೊಟ್ಟೆಯಲ್ಲಿ ಊರು ದಾಟಬಾರದು. ಕೈ ಬೀಸಿದರೆ ಡ್ರೈವರುಗಳು ಸಂಕೋಚಪಟ್ಟು ಮುಂದೆ ಹೋಗುತ್ತಾರೆ. ಆದ್ದರಿಂದ ಗಂಡಸರು ತಲೆಯ ಮುಂಡಾಸು ಬಿಚ್ಚಿ ರಸ್ತೆಗೆ ಅಡ್ಡ ಕಟ್ಟುತ್ತಾರೆ. ಪಕ್ಕದ ಹಳ್ಳಿಯವರು ಬಸ್ಸು ಹಿಡಿದು, ತಮಗೆ ಒಂದು ಲಾರಿಯೂ ಸಿಗದಿದ್ದರೆ ಆ ದಿನ ಊರಿಗೇ ಅವಮಾನ.

"ಮತ್ತೆ ದೊಣ್ಣೆ?" ಎಂದಳು ಜಯಂತಿ, ಇನ್ನೂ ನಂಬದೆ.

"ಅಕ್ಕಾ, ಮುದುಕರು ಕೋಲಿಲ್ಲದೆ ನಡೆಯುವುದು ಹೇಗೆ?"

"ಇಂಥ ಯುದ್ಧದಲ್ಲಿಯೂ?" ಎಂದೆ ನಾನು.

ಅವನ ನಗು ನಿಂತಿತು. "ಯುದ್ಧ ಬಂತೆಂದು ಸೂರ್ಯ ಮುಳುಗುವುದು ಬಿಡುತ್ತಾನೆಯೇ?" ಎಂದ. ಆಮೇಲೆ ತನಗೇ ಹೇಳಿಕೊಳ್ಳುವ ಹಾಗೆ, "ಇನ್‌ಶಾ ಅಲ್ಲಾ, ಅವರೇ ಆಗಿರಲಿ" ಎಂದ.

ಅವರೇ ಆಗಿದ್ದರು. ಮರುದಿನ ಮಧ್ಯಾಹ್ನ ಸುಧಾಕರನ ಫೋನ್ ಬಂತು, ಹಾಜ್ಜಾರ ಅಂಗಳದಿಂದ. ಮಾತಾಡುತ್ತಾ ಅತ್ತ, ಅಳುತ್ತಾ ನಕ್ಕ. ಬಸ್ಸಿನಿಂದ ಎರಡೂ ಕೈ ಮೇಲೆತ್ತಿ ಇಳಿದನಂತೆ. ಹೊಡೆಯುವ ಮೊದಲೇ ಕೊಟ್ಟುಬಿಡುವುದು ಲೇಸೆಂದು ಶೂ ಒಳಗಿನಿಂದ ಮದುವೆಯ ಉಂಗುರ ತೆಗೆದು, ಎದುರಿಗಿದ್ದ ಮುದುಕನ ಮುಂದೆ ಹಿಡಿದನಂತೆ. ಮುದುಕ ಉಂಗುರವನ್ನು ನೋಡಿದ, ಇವನನ್ನು ನೋಡಿದ, ಉಂಗುರವನ್ನು ಮತ್ತೆ ಇವನ ಬೆರಳಿಗೆ ತೊಡಿಸಿ ಬಾಯಿಗೆ ಒಂದು ಖರ್ಜೂರ ತುರುಕಿದ. ಕೊನೆಯ ತಟ್ಟೆ ಖಾಲಿಯಾಗುವ ತನಕ ರಸ್ತೆಗೆ ಕಟ್ಟಿದ ಮುಂಡಾಸು ಬಿಚ್ಚಲಿಲ್ಲ. "ಭಾವ, ಎಂತ ಕೊಟ್ಟರು ಗೊತ್ತುಂಟಾ? ಮುದ್ದೆ! ಜೋಳದ ಮುದ್ದೆ, ಮೇಲೆ ಬೆಂಡೆಕಾಯಿ ಸಾರು!" ಘಟ್ಟದ ಮೇಲಿನವರ ಮುದ್ದೆಯನ್ನು ಆಜನ್ಮ ಗೇಲಿ ಮಾಡಿದ್ದ ಸುಧಾಕರ ಅಂದು ಮೂರು ಸಲ ಬಡಿಸಿಕೊಂಡಿದ್ದ. ಅಂದು ಅಲ್ಲೇ ಮಲಗಿಸಿ, ಬೆಳಿಗ್ಗೆ ಆ ಊರಿನವರೇ ಟ್ರ್ಯಾಕ್ಟರಿನಲ್ಲಿ ಕರೆತಂದು ಹಾಜ್ಜಾರಿಗೆ ಒಪ್ಪಿಸಿದ್ದರು.

ಹಾಜ್ಜಾ ತಾವು ಮಲಗುವ ಹಗ್ಗದ ಮಂಚವನ್ನು ಅವನಿಗೆ ಬಿಟ್ಟುಕೊಟ್ಟು ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡರು. ರಾಜಧಾನಿಯಿಂದ ಓಡಿಬಂದವರು ಪ್ರತಿ ಮನೆಯಲ್ಲೂ ಇದ್ದರು, ಶಾಲೆಯಲ್ಲೂ ಇದ್ದರು. ಹಬ್ಬ ಬಂತು. ಊರಿಗೆ ಊರೇ ಕುರಿ ಕಡಿಯುವಾಗ ಹಾಜ್ಜಾ ಮಗನಿಗೆ ಫೋನ್ ಮಾಡಿ, ಹಿಂದೂಗಳು ಏನು ತಿನ್ನುತ್ತಾರೆ ಎಂದು ವಿಚಾರಿಸಿದರು. ಇದ್ರಿಸ್ ಎಷ್ಟೋ ವರ್ಷ ನನ್ನ ಜೊತೆ ಕೂತು ಬುತ್ತಿ ಉಂಡವನು. ಕೊಲೆಸ್ಟ್ರಾಲಿನ ಕಾರಣ ಜಯಂತಿ ನನಗೆ ಕಟ್ಟಿಕೊಡುತ್ತಿದ್ದುದು ಬರೀ ಸೊಪ್ಪು, ಹೆಸರುಕಾಳು. ಅವನು ಅದನ್ನು ನಮ್ಮ ಧರ್ಮವೆಂದೇ ತಿಳಿದಿದ್ದ. "ಮಾಂಸದ ವಾಸನೆಯೂ ತಾಗಬಾರದು ಅಮ್ಮಾ" ಎಂದು ಖಂಡಿತವಾಗಿ ಹೇಳಿಬಿಟ್ಟ. ಹೀಗಾಗಿ, ಭಾನುವಾರ ಕೋಳಿಯಿಲ್ಲದಿದ್ದರೆ ಹೆಂಡತಿಯೊಡನೆ ಮಾತು ಬಿಡುವ ನನ್ನ ಭಾವಮೈದುನ, ಇಡೀ ಊರು ಕುರಿ ತಿನ್ನುವಾಗ ಪ್ರತ್ಯೇಕ ಪಾತ್ರೆಯಲ್ಲಿ ಬೇಯಿಸಿದ ಅವರೆಯಂಥ ಕಾಳನ್ನು ಪರಮ ಭಕ್ತಿಯಿಂದ ತಿಂದ. ಬಾಯಿ ಬಿಟ್ಟು ಹೇಳಬಹುದಿತ್ತಲ್ಲ ಎಂದರೆ, "ಹೇಗೆ ಹೇಳುದು ಭಾವ? ಆ ಪಾತ್ರೆ ಹೊಸತು. ನನಗೋಸ್ಕರ ಮೂರು ಮನೆ ಕೇಳಿ ತಂದದ್ದು" ಎಂದ.

ಬಂದರಿನಿಂದ ಹಡಗಿನಲ್ಲಿ ಭಾರತೀಯರನ್ನು ಕರೆದೊಯ್ಯುತ್ತಾರೆಂದು ಸುದ್ದಿ ಬಂದಾಗ, ಬಂದರು ಮೈಲುಗಟ್ಟಲೆ ದೂರ, ಡೀಸೆಲ್ ಎಲ್ಲೂ ಇಲ್ಲ. ಹಳ್ಳಿಯವರು ಕಾಲುವೆಯಿಂದ ಗದ್ದೆಗೆ ನೀರೆತ್ತುವ ತಮ್ಮ ಪಂಪುಗಳಿಂದ ಒಂದೊಂದು ಡಬ್ಬಿ ಬಸಿದು ಒಂದು ಪಿಕಪ್ಪಿಗೆ ತುಂಬಿಸಿದರು. ಅದರಲ್ಲಿ ಹೋದವರು ಸುಧಾಕರ, ಕೆಲವು ಸಿರಿಯಾದವರು, ಮತ್ತೆ ಒಬ್ಬಳು ಬಸುರಿ. ಆ ಊರಿನವರು ಒಬ್ಬರೂ ಹತ್ತಲಿಲ್ಲ.

ಮಳೆಗಾಲ ಊರಲ್ಲಿ ಮಗುವಿನ ಜೊತೆ ಕಳೆದು ಸುಧಾಕರ ದುಬೈಗೆ ಬಂದ, ಸತ್ವಾದ ಒಂದು ಎ.ಸಿ. ರಿಪೇರಿ ಅಂಗಡಿಗೆ. ಬಂದ ಮೊದಲ ಭಾನುವಾರವೇ ಬಸ್ಸು ಹಿಡಿದು ನಮ್ಮಲ್ಲಿಗೆ ಬಂದು, ಹಾಜ್ಜಾ ಮಗನಿಗೆಂದು ಕೊಟ್ಟಿದ್ದ ಬಟ್ಟೆಯ ಗಂಟನ್ನು ಇದ್ರಿಸನ ಕೈಗಿಟ್ಟ. ಹಿಲು-ಮುರ್ ಹಾಳೆಗಳು. ರಂಜಾನಿಗೆ ಇನ್ನೂ ತಿಂಗಳುಗಳಿದ್ದವು. ಆದರೂ ಇದ್ರಿಸ್ ಅಂದೇ ಎಲ್ಲವನ್ನೂ ದೊಡ್ಡ ಪಾತ್ರೆಯಲ್ಲಿ ನೆನೆಸಿ, ಕಾರಿಡಾರಿನ ಪ್ರತಿ ಬಾಗಿಲಿಗೂ ಒಂದೊಂದು ಜಗ್ಗು ಕೊಟ್ಟುಬಂದ. "ಸ್ವಲ್ಪ ಇಟ್ಟುಕೊಳ್ಳಬಾರದಾ?" ಎಂದು ಜಯಂತಿ ಕೇಳಿದಳು. "ಯಾಕೆ ಅಕ್ಕಾ? ಮುಂದಿನ ವರ್ಷ ಅಮ್ಮ ಮತ್ತೆ ಕಳಿಸುತ್ತಾರೆ."

ಚಳಿಗಾಲದಲ್ಲಿ ಯುದ್ಧ ಆ ಹೆದ್ದಾರಿಯ ಹಳ್ಳಿಗಳಿಗೂ ಬಂತು. ಮೊದಲು ಫೋನು ರಿಂಗಾಗಿ ಯಾರೂ ಎತ್ತುತ್ತಿರಲಿಲ್ಲ, ಆಮೇಲೆ ರಿಂಗೂ ಆಗಲಿಲ್ಲ. ಇದ್ರಿಸ್ ಕಚೇರಿಯಲ್ಲಿ ಫೈಲು ಹಿಡಿದು ನನ್ನ ಮೇಜಿನ ಪಕ್ಕ ಬಂದು ನಿಂತು, ಯಾಕೆ ಬಂದೆ ಎಂದು ಮರೆತು ಹೋಗುತ್ತಿದ್ದ. ಹೊಸ ರಂಜಾನಿನಲ್ಲಿ ಚಾಪೆ ಹಾಸಿದರು, ಕೂತರು, ಎದ್ದರು. ಪಾನಕ ಇರಲಿಲ್ಲ. ಅಂಗಡಿಯ ಕಿತ್ತಳೆ ಪುಡಿ ಕಲಸಿದ್ದರು.

ಹಬ್ಬ ಮುಗಿದ ಮೇಲೆ ಅವನ ತಂಗಿ ಹೇಗೋ ಕೈರೋ ತಲುಪಿ ಫೋನ್ ಮಾಡಿದಳು. ಬಂದೂಕಿನವರು ಪಕ್ಕದ ಊರಿಗೆ ಬಂದರೆಂದು ತಿಳಿದ ಬೆಳಿಗ್ಗೆ ಹಳ್ಳಿಯವರು ಕತ್ತೆಗಾಡಿಗಳಲ್ಲಿ ಹೊರಟರಂತೆ. ಹಾಜ್ಜಾರ ಮನೆಯಲ್ಲಿ ಖಾರ್ಟೂಮಿನಿಂದ ಬಂದ ಒಬ್ಬ ಮುದುಕಿ ಇದ್ದಳು, ಜ್ವರದಿಂದ ಎದ್ದು ಕೂರಲಾರದವಳು, ಹೆಸರೂ ಸರಿಯಾಗಿ ಗೊತ್ತಿಲ್ಲದವಳು. ಗಾಡಿ ಹತ್ತಿದ್ದ ಹಾಜ್ಜಾ ಇಳಿದರು. ಮಗಳು ಕೈ ಹಿಡಿದು ಎಳೆದಳು. "ಅತಿಥಿ ಒಳಗಿರುವಾಗ ಮನೆಯವಳು ಹೋಗುವುದುಂಟೇ? ನೀವು ನಡೆಯಿರಿ, ಮುಂದಿನ ಗಾಡಿಯಲ್ಲಿ ಬರುತ್ತೇನೆ" ಎಂದರಂತೆ. ಮುಂದಿನ ಗಾಡಿ ಇತ್ತೋ ಇಲ್ಲವೋ ಹೇಳುವವರು ಯಾರೂ ಸಿಗಲಿಲ್ಲ. ಇವತ್ತಿನವರೆಗೂ ಸಿಕ್ಕಿಲ್ಲ. ಆ ದಾರಿ ಮತ್ತೆ ತೆರೆದ ಮೇಲೆ ಇದ್ರಿಸ್ ಕೆಲಸ ಬಿಟ್ಟು ಹುಡುಕಲು ಹೋದ. ಅಲ್ಲಿಂದ ನನಗೆ ಒಂದೇ ಒಂದು ಸಂದೇಶ ಬಂದಿದೆ: "ತಲುಪಿದೆ ಉಸ್ತಾಝ್. ಕಾಲುವೆಯಲ್ಲಿ ನೀರಿದೆ." ಮನೆಯ ವಿಷಯ ಅವನು ಬರೆಯಲಿಲ್ಲ, ನಾನೂ ಕೇಳಲಿಲ್ಲ.

ಆದರೆ ನನ್ನನ್ನು ಈಗಲೂ ಕಾಡುವುದು ಅವನು ಹೊರಡುವ ಮೊದಲಿನ ಭಾನುವಾರಗಳು.

ಇದ್ರಿಸ್ ತಾಯಿಯನ್ನು ನೋಡದೆ ಐದಾರು ವರ್ಷವಾಗಿತ್ತು. ಅವರನ್ನು ಕೊನೆಗೆ ಕಣ್ಣಾರೆ ಕಂಡು ಈ ಊರಿಗೆ ಬಂದವನು, ವಿಧಿಯ ವಿಚಿತ್ರ ನೇಮಕಾತಿಯಲ್ಲಿ, ಕಾಪುವಿನ ಸುಧಾಕರ. ಹಾಗಾಗಿ ಪ್ರತಿ ಭಾನುವಾರ ಅವನು ಸತ್ವಾದಿಂದ ಬರಬೇಕು, ನಮ್ಮ ಹಾಲಿನಲ್ಲಿ ಕೂರಬೇಕು, ಇದ್ರಿಸ್ ಕೇಳಿದ್ದಕ್ಕೆ ಹೇಳಬೇಕು. ಅಮ್ಮ ನಡೆಯುವಾಗ ಯಾವ ಕಾಲು ಎಳೆಯುತ್ತಿದ್ದರು? ಚಹಾಕ್ಕೆ ಸಕ್ಕರೆ ಈಗಲೂ ಅಷ್ಟೇ ಹಾಕುತ್ತಾರಾ? ನನ್ನನ್ನು ಬಯ್ದರಾ? ಸುಧಾಕರ ಮಾತಿನ ಮನುಷ್ಯನಲ್ಲ. ಕಂಡದ್ದನ್ನೆಲ್ಲ ಹೇಳಿದ. ಮತ್ತೆ ಹೇಳಿದ. ಕೆಲವು ವಾರಗಳಾದ ಮೇಲೆ ಕಥೆಯೊಳಗೆ ಒಂದು ಕುಂಟು ಮೇಕೆ ಬಂತು. ಅದರ ಮುಂದಿನ ವಾರ ಪಕ್ಕದ ಮನೆಯವಳ ಜೊತೆ ಬಾವಿಕಟ್ಟೆಯ ಜಗಳ ಬಂತು. ಸ್ಟೋರಿನಲ್ಲಿ ಮೂವತ್ತು ವರ್ಷ ಕಳೆದವನಿಗೆ, ಒಳಗೆ ಬಂದದ್ದಕ್ಕಿಂತ ಹೊರಗೆ ಹೋಗುವ ಸರಕು ಹೆಚ್ಚಾದರೆ ತಿಳಿಯುತ್ತದೆ.

ಜಯಂತಿಗೂ ತಿಳಿಯಿತು. ತಮ್ಮನನ್ನು ಅಡುಗೆಮನೆಗೆ ಕರೆದು ಗದರಿಸಿದಳು. "ತಾಯಿಯ ವಿಷಯದಲ್ಲಿ ಸುಳ್ಳು ಎಂತಕ್ಕೆ ಹೇಳುದು ಮಾರಾಯ? ಪಾಪ ಬರ್ತದೆ."

"ಬರ್ಲಿ ಅಕ್ಕ. ನನ್ನತ್ರ ಇದ್ದದ್ದು ಮುಗಿದು ಎಷ್ಟೋ ದಿನ ಆಯ್ತು. ಅವರು ಇಲ್ಲಿಂದ ಬರಿಗೈಯಲ್ಲಿ ಎದ್ದು ಹೋಗುದನ್ನು ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ಜಯಂತಿ ಒಲೆಯ ಕಡೆ ತಿರುಗಿದಳು. ಈರುಳ್ಳಿ ಬಜೆಗೆ ಹಿಟ್ಟು ಕಲಸಿದಳು.

ಕೊನೆಯ ಭಾನುವಾರ. ಹೊರಗೆ ಧೂಳಿನ ಗಾಳಿ, ಕಿಟಕಿಯಾಚೆ ಎದುರಿನ ಹೋಟೆಲು ಕಾಣುತ್ತಿರಲಿಲ್ಲ. ಇದ್ರಿಸ್ ಸೋಫಾದ ತುದಿಯಲ್ಲಿ ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದ, ಸಂದರ್ಶನಕ್ಕೆ ಬಂದವನ ಹಾಗೆ. ಸುಧಾಕರ ಸ್ವಲ್ಪ ಹೊತ್ತು ನೆಲ ನೋಡಿದ. ಆಮೇಲೆ, ಹಾಜ್ಜಾ ಬೆಳಿಗ್ಗೆ ಅಂಗಳ ಗುಡಿಸುವಾಗ ಹಾಡುತ್ತಿದ್ದರು ಎಂದ.

ಇದ್ರಿಸ್ ತಲೆಯೆತ್ತಿದ. "ನನ್ನ ಅಮ್ಮ ಹಾಡುವವರಲ್ಲ."

ಸುಧಾಕರನ ಕಿವಿ ಕೆಂಪಾಯಿತು. ನಾನು ಇಲ್ಲದ ಕೆಮ್ಮನ್ನು ಕೆಮ್ಮಿದೆ. ಏನಾದರೂ ಹೇಳಿ ಸಂದರ್ಭವನ್ನು ಉಳಿಸುವುದು ಮನೆಯ ಯಜಮಾನನ ಕರ್ತವ್ಯ, ನನಗೆ ಹೊಳೆದದ್ದು ಆ ಕೆಮ್ಮೊಂದೇ.

ಇದ್ರಿಸನೇ ಕೇಳಿದ. "ಯಾವ ಹಾಡು?"

ಸುಧಾಕರನಿಗೆ ಅರಬ್ಬಿ ಹಾಡು ಒಂದೂ ಬರುವುದಿಲ್ಲ. ಅವನು ಕಣ್ಣು ಕೆಳಗೆ ಮಾಡಿ, ನಮ್ಮ ಕಡೆ ಗದ್ದೆಯಲ್ಲಿ ನೇಜಿ ನೆಡುವಾಗ ಹೆಂಗಸರು ಹೇಳುವ ಹಾಡೊಂದನ್ನು ಶಬ್ದಗಳಿಲ್ಲದೆ ಮೆಲ್ಲಗೆ ಗುನುಗಿದ. ಬಜೆಯ ತಟ್ಟೆ ಹಿಡಿದು ಬಂದ ಜಯಂತಿ ಬಾಗಿಲಲ್ಲೇ ನಿಂತುಬಿಟ್ಟಳು. ಅದು ಅವರಿಬ್ಬರ ತೀರಿಹೋದ ಅಮ್ಮ ಹೇಳುತ್ತಿದ್ದ ಹಾಡು.

ಇದ್ರಿಸ್ ಕಣ್ಣು ಮುಚ್ಚಿ ಕೊನೆಯವರೆಗೆ ಕೇಳಿದ.

"ಐವಾ, ಹೌದು" ಎಂದ. "ಇದೇ. ಇದೇ ಹಾಡು."